ಶಿಲುಬೆಯಿಂದ ತಾರೀಖಿನವರೆಗೆ: ಓದಿನ ಕುರಿತ ಸ್ಪ್ಯಾನಿಷ್ ನುಡಿಗಟ್ಟುಗಳು ಮತ್ತು ಅವುಗಳ ಇಂಗ್ಲಿಷ್ ಜೋಡಿಗಳು

ತಪ್ಪು ಮಾಡಿದವರನ್ನು ಬೈಯುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಅಂಕಲಿಪಿ ಓದಿ ಹೇಳುವುದು’ ಎನ್ನುತ್ತಾರೆ. ಅದೇ ಅರ್ಥಕ್ಕೆ ಇಂಗ್ಲಿಷ್‌ನಲ್ಲಿ ‘ದಂಗೆ ಕಾಯ್ದೆ ಓದುವುದು’ ಎನ್ನುತ್ತಾರೆ. ನಿಘಂಟಿನಲ್ಲಿ ಇವೆರಡೂ ಒಂದರ ಎದುರು ಒಂದು ಕೂತಿರುತ್ತವೆ, ಅನುವಾದಕನ ಕೆಲಸ ಅಲ್ಲಿಗೆ ಮುಗಿಯುತ್ತದೆ. ಆದರೆ ಒಂದರ ಹಿಂದೆ ಮಕ್ಕಳ ಶಾಲೆಯಿದೆ, ಇನ್ನೊಂದರ ಹಿಂದೆ ಜನ ಗುಂಪುಗೂಡಿದ ಬೀದಿಯಿದೆ. ಓದಿನ ಸುತ್ತ ಹುಟ್ಟಿದ ನುಡಿಗಟ್ಟುಗಳಲ್ಲಿ ಇಂಥ ಜೋಡಿಗಳು ಹೇರಳ. ಅರ್ಥ ಒಂದೇ ಆದರೂ ಯಾರು ಓದುತ್ತಿದ್ದರು, ಯಾರಿಗೆ ಓದಿ ಹೇಳುತ್ತಿದ್ದರು, ಯಾವ ಬೆಳಕಿನಲ್ಲಿ, ಯಾರ ಅಪ್ಪಣೆಯಲ್ಲಿ ಎಂಬ ಚರಿತ್ರೆ ಮಾತ್ರ ಬೇರೆ ಬೇರೆ. ಸ್ಪ್ಯಾನಿಷ್ ಇಂದು 20 ದೇಶಗಳ ಅಧಿಕೃತ ಭಾಷೆ. ಅದರ ಓದಿನ ನುಡಿಗಟ್ಟುಗಳನ್ನು ಹಿಡಿದು ಹೊರಟರೆ ವಯ್ಯಾದೊಲಿದ್‌ನ ಇಗರ್ಜಿಯಿಂದ ಹವಾನಾದ ಸುರುಟಿನ ಕಾರ್ಖಾನೆಯವರೆಗೆ ಹೋಗಬಹುದು. (ಇಲ್ಲಿ ಸ್ಪ್ಯಾನಿಷ್ ಮಾತುಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರಣೆಗೆ ಹತ್ತಿರವಾಗಿ ಬರೆಯಲಾಗಿದೆ.)

ಆಯುವುದು, ಊಹಿಸುವುದು, ಪಠಿಸುವುದು

ಸ್ಪ್ಯಾನಿಷ್‌ನಲ್ಲಿ ಓದುವುದಕ್ಕೆ ‘ಲೆಯೆರ್’ ಎನ್ನುತ್ತಾರೆ. ಲ್ಯಾಟಿನ್‌ನ ‘ಲೆಗೆರೆ’ ಅದರ ತಾಯಿ. ಅದರ ಹಳೆಯ ಅರ್ಥ ಆಯುವುದು, ಒಂದೊಂದಾಗಿ ಕೂಡಿಸುವುದು. ಆರಿಸುವುದು ಎಂಬರ್ಥದ ‘ಎಲೆಹೀರ್’, ಸಂಗ್ರಹ ಎಂಬರ್ಥದ ‘ಕೊಲೆಕ್ಸಿಯೋನ್’ ಇದೇ ಬೇರಿನಿಂದ ಬಂದವು. ಇಂಗ್ಲಿಷ್‌ನ ‘ರೀಡ್’ ಬೇರೆ ಕುಲದ್ದು. ಹಳೆಯ ಇಂಗ್ಲಿಷ್‌ನಲ್ಲಿ ಅದಕ್ಕೆ ಸಲಹೆ ಕೊಡು, ಅರ್ಥ ಬಿಡಿಸು ಎಂಬ ಅರ್ಥಗಳಿದ್ದವು. ಒಗಟು ಎಂಬರ್ಥದ ‘ರಿಡಲ್’ ಅದರ ಒಡಹುಟ್ಟು. ನಮ್ಮ ‘ಓದು’ ಪಠಿಸುವುದಕ್ಕೆ, ಬಾಯಿಬಿಟ್ಟು ಹೇಳುವುದಕ್ಕೆ ಸೇರಿದ್ದು. ತಮಿಳಿನಲ್ಲಿ ಅದರ ಸೋದರಪದಕ್ಕೆ ಇಂದಿಗೂ ಮಂತ್ರ ಹೇಳು ಎಂಬ ಅರ್ಥವಿದೆ.

ಕನ್ನಡದಲ್ಲಿ ‘ಏನು ಓದಿದ್ದೀಯ?’ ಎಂದು ಕೇಳಿದರೆ ವಿದ್ಯಾಭ್ಯಾಸದ ಪ್ರಶ್ನೆ. ಬ್ರಿಟಿಷ್ ಇಂಗ್ಲಿಷ್‌ನಲ್ಲೂ ಆಕ್ಸ್‌ಫರ್ಡ್‌ನಲ್ಲಿ ಕಾನೂನು ‘ರೀಡ್’ ಮಾಡಿದೆ ಎಂದರೆ ವ್ಯಾಸಂಗ ಮಾಡಿದೆ ಎಂದೇ ಅರ್ಥ. ಸ್ಪ್ಯಾನಿಷ್‌ನಲ್ಲಿ ಹಾಗಲ್ಲ, ವ್ಯಾಸಂಗಕ್ಕೆ ‘ಎಸ್ತುದಿಯಾರ್’ ಎಂಬ ಬೇರೆ ಕ್ರಿಯಾಪದವೇ ಇದೆ. ಆದರೆ ಹಳೆಯ ಸ್ಪೇನಿನ ವಿಶ್ವವಿದ್ಯಾಲಯಗಳಲ್ಲಿ ‘ಲೆಯೆರ್’ ಎಂದರೆ ಕಲಿಯುವುದಲ್ಲ, ಕಲಿಸುವುದು. 1218ರಲ್ಲಿ ಸ್ಥಾಪನೆಯಾದ ಸಲಾಮಾಂಕಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು ಎತ್ತರದ ಪೀಠದಿಂದ ಮೂಲಗ್ರಂಥವನ್ನು ಓದಿ ವಿವರಿಸುತ್ತಿದ್ದರು, ಶಿಷ್ಯರು ಕೆಳಗೆ ಒರಟು ಮರದ ಬೆಂಚುಗಳ ಮೇಲೆ ಕೂತು ಕೇಳುತ್ತಿದ್ದರು. ಅಂಥ ಬೆಂಚುಗಳಿರುವ ಕೋಣೆಯೊಂದನ್ನು ಕವಿ, ದೇವತಾಶಾಸ್ತ್ರಜ್ಞ ಫ್ರಾಯ್ ಲೂಯಿಸ್ ದೆ ಲೆಯೋನ್ ಹೆಸರಿನಲ್ಲಿ ಅಲ್ಲಿ ಇಂದಿಗೂ ಉಳಿಸಿಕೊಂಡಿದ್ದಾರೆ. ಬೈಬಲ್ಲಿನ ಪಾಠ, ಅನುವಾದಗಳ ವಿಚಾರವಾಗಿ ಕ್ಯಾಥೊಲಿಕ್ ಧರ್ಮನ್ಯಾಯಾಲಯವಾದ ಇನ್‌ಕ್ವಿಸಿಷನ್ ಅವರನ್ನು 1572ರಿಂದ 1576ರವರೆಗೆ ಸೆರೆಯಲ್ಲಿಟ್ಟಿತ್ತು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕೆಲವು ವರ್ಷಗಳ ಹಿಂದಿನವರೆಗೂ ಇದ್ದ ‘ರೀಡರ್’ ಹುದ್ದೆ ಇದೇ ಓದಿ ಕಲಿಸುವ ಪದ್ಧತಿಯ ಕುಡಿ. ಸ್ಪ್ಯಾನಿಷ್‌ನ ‘ಲೆಕ್ಸಿಯೋನ್’, ಇಂಗ್ಲಿಷ್‌ನ ‘ಲೆಸನ್’, ಸಂಸ್ಕೃತದಿಂದ ಬಂದ ನಮ್ಮ ‘ಪಾಠ’ ಮೂರೂ ಮೂಲದಲ್ಲಿ ‘ಓದಿದ್ದು’ ಎಂಬರ್ಥದವೇ.

ಅಂಕಲಿಪಿಯೂ ದಂಗೆ ಕಾಯ್ದೆಯೂ

‘ಲೆಯೆರ್ಲೆ ಲಾ ಕಾರ್ತಿಯಾ ಆ ಅಲ್ಗಿಯೆನ್’ ಎಂದರೆ ಒಬ್ಬರಿಗೆ ಕಾರ್ತಿಯಾ ಓದಿ ಹೇಳುವುದು. ಹೀಗೆ ನಡೆದುಕೊಳ್ಳಬೇಕು, ಹೀಗೆ ಕೂಡದು ಎಂದು ಖಡಾಖಂಡಿತವಾಗಿ ತಿಳಿಸಿ ತರಾಟೆಗೆ ತೆಗೆದುಕೊಳ್ಳುವುದು ಅದರ ಅರ್ಥ. ಓದುವುದರ ಬದಲು ‘ಹಾಡುವುದು’ ಎಂದೂ ಹೇಳುತ್ತಾರೆ.

ಕಾರ್ತಿಯಾ ಎಂಬುದು ಕೆಲವೇ ಹಾಳೆಗಳ ಪುಟ್ಟ ಪುಸ್ತಿಕೆ. ಅಕ್ಷರಮಾಲೆ, ಕಾಗುಣಿತದ ಸಾಲುಗಳು, ಕ್ರೈಸ್ತರ ಮೂಲ ಪ್ರಾರ್ಥನೆಗಳು ಇಷ್ಟೇ ಅದರಲ್ಲಿರುತ್ತಿದ್ದವು. 1583ರಲ್ಲಿ ಎರಡನೆಯ ಫೆಲಿಪೆ ದೊರೆ ಇದನ್ನು ಅಚ್ಚು ಮಾಡುವ ಏಕಸ್ವಾಮ್ಯವನ್ನು ವಯ್ಯಾದೊಲಿದ್ ನಗರದ ಮುಖ್ಯ ಇಗರ್ಜಿಗೆ ಕೊಟ್ಟ. ಕಟ್ಟುತ್ತಿದ್ದ ದೊಡ್ಡ ಇಗರ್ಜಿಯ ಖರ್ಚಿಗೆ ಹಣ ಬೇಕಿತ್ತು. ಹೀಗಾಗಿ ಕಾಸ್ತಿಯಾ ಸೀಮೆಯ ಮಗು ಅಕ್ಷರ ಕಲಿಯಲು ಕೊಟ್ಟ ಚಿಲ್ಲರೆ ಕಾಸು ಇಗರ್ಜಿಯ ಕಲ್ಲುಗೋಡೆಗೆ ಸೇರಿತು. ಅಕ್ಷರವೂ ದೈವಭಕ್ತಿಯೂ ವಿಧೇಯತೆಯೂ ಒಂದೇ ಹೊತ್ತಗೆಯಲ್ಲಿ ಬರುತ್ತಿದ್ದ ಕಾಲ ಅದು. ದೊಡ್ಡವನಿಗೆ ಅದನ್ನು ಮತ್ತೆ ಓದಿ ಹೇಳುವುದೆಂದರೆ ಅವನನ್ನು ಅಕ್ಷರಾಭ್ಯಾಸದ ಮಣೆಯ ಮೇಲೆ ಕೂರಿಸಿದಂತೆ. ಬೈಗುಳದ ಮೊನೆ ಇರುವುದು ಅಲ್ಲೇ.

ಪುಸ್ತಿಕೆಯ ರೂಪದ ಬೇರೆ ದಾಖಲೆಗಳಿಗೂ ಮುಂದೆ ಇದೇ ಹೆಸರು ಬಂತು. ಬ್ಯಾಂಕಿನ ಪಾಸ್‌ಬುಕ್ ಕೂಡ ಕಾರ್ತಿಯಾ. ಅಂತರ್ಯುದ್ಧ ಮುಗಿದ 1939ರಿಂದ 1952ರವರೆಗೆ ಸ್ಪೇನಿನ ಮನೆಮನೆಯಲ್ಲಿದ್ದ ರೇಷನ್ ಪುಸ್ತಕವೂ ಕಾರ್ತಿಯಾ. ಆ ಹಸಿವಿನ ವರ್ಷಗಳನ್ನು ಕಂಡ ಹಿರಿಯರಿಗೆ ಈ ಪದ ಕೇಳಿದರೆ ಶಾಲೆಗಿಂತ ಮೊದಲು ರೊಟ್ಟಿಯ ಸಾಲು ನೆನಪಾದರೆ ಆಶ್ಚರ್ಯವಿಲ್ಲ.

ಇಂಗ್ಲಿಷ್‌ನ ಜೋಡಿ ‘ರೀಡ್ ದ ರಯಟ್ ಆಕ್ಟ್’. ಇದರ ಹಿಂದೆ ನಿಜವಾದ ಒಂದು ಕಾಯ್ದೆಯಿದೆ. ಬ್ರಿಟಿಷ್ ಸಂಸತ್ತು ಮಾಡಿದ ಆ ಕಾಯ್ದೆ 1715ರಲ್ಲಿ ಜಾರಿಗೆ ಬಂತು. 12 ಅಥವಾ ಅದಕ್ಕಿಂತ ಹೆಚ್ಚು ಜನ ಗಲಭೆ ಎಬ್ಬಿಸುವಂತೆ ಸೇರಿದರೆ ಮ್ಯಾಜಿಸ್ಟ್ರೇಟ್ ಬಂದು, ಕಾಯ್ದೆಯಲ್ಲಿ ಕೊಟ್ಟಿದ್ದ ಘೋಷಣೆಯನ್ನು ಗಟ್ಟಿಯಾಗಿ ಓದಬೇಕಿತ್ತು. ಓದಿದ ಮೇಲೆ ಒಂದು ಗಂಟೆಯೊಳಗೆ ಚದುರದಿದ್ದರೆ ಅಪರಾಧ, ಅದಕ್ಕೆ ಮರಣದಂಡನೆಯವರೆಗೂ ಶಿಕ್ಷೆಯಿತ್ತು. ಓದದೆ ಬಲಪ್ರಯೋಗ ಮಾಡಿದರೆ ಅಧಿಕಾರಿಗೆ ಕಾಯ್ದೆಯ ರಕ್ಷಣೆ ಇರಲಿಲ್ಲ. ಅಂದರೆ ಓದುವಿಕೆಯೇ ಅಲ್ಲಿ ಕಾನೂನಿನ ಕ್ರಿಯೆಯಾಗಿತ್ತು. ಇಂದು ತಾಯಿ ಮಕ್ಕಳ ಕೋಣೆಗೆ ಹೋಗಿ ‘ರಯಟ್ ಆಕ್ಟ್’ ಓದಿದಳು ಎಂದರೆ ಚೆನ್ನಾಗಿ ಗದರಿಸಿದಳು ಎಂದಷ್ಟೇ.

ಅರ್ಥದಲ್ಲಿ ಎರಡೂ ಸಮ, ಕಾವಿನಲ್ಲಿ ಅಲ್ಲ. ಇಂಗ್ಲಿಷ್ ಮಾತು ‘ಇನ್ನು ನಿಲ್ಲಿಸು, ಇಲ್ಲದಿದ್ದರೆ ನೋಡು’ ಎನ್ನುತ್ತದೆ. ಸ್ಪ್ಯಾನಿಷ್ ಮಾತು ‘ನಿನಗೆ ಮೊದಲಿಂದ ಹೇಳಿಕೊಡಬೇಕು’ ಎನ್ನುತ್ತದೆ. ಕನ್ನಡದಲ್ಲಿ ಇದೇ ಕೆಲಸಕ್ಕೆ ನಾವು ಮಂಗಳಾರತಿ ಎತ್ತುತ್ತೇವೆ, ಸಹಸ್ರನಾಮ ಮಾಡುತ್ತೇವೆ. ನಮ್ಮ ಬೈಗುಳ ಶಾಲೆಯಿಂದಲೂ ಬರಲಿಲ್ಲ, ಬೀದಿಯಿಂದಲೂ ಬರಲಿಲ್ಲ, ಗುಡಿಯಿಂದ ಬಂತು.

ರಕ್ತದೊಡನೆ ಒಳಹೋಗುವ ಅಕ್ಷರ

ಅದೇ ಶಾಲೆಯ ಇನ್ನೊಂದು ನೆನಪು ‘ಲಾ ಲೇತ್ರಾ ಕೊನ್ ಸಾಂಗ್ರೆ ಎಂತ್ರಾ’, ಅಂದರೆ ಅಕ್ಷರ ರಕ್ತದೊಡನೆ ಒಳಗಿಳಿಯುತ್ತದೆ. ಕಾದಂಬರಿಕಾರ ಸರ್ವಾಂತೆಸ್ 1615ರಲ್ಲಿ ಪ್ರಕಟಿಸಿದ ‘ದೋನ್ ಕಿಹೋತೆ’ಯ ಎರಡನೆಯ ಭಾಗದಲ್ಲಿ ಈ ಗಾದೆಯನ್ನು ಒಬ್ಬ ಡಚೆಸ್‌ಳ ಬಾಯಲ್ಲಿ ಹೇಳಿಸುತ್ತಾನೆ. ನಾಯಕನ ಕಲ್ಪನೆಯ ಪ್ರೇಯಸಿ ದುಲ್ಸಿನೇಯಾಳ ಮಾಟ ಬಿಡಿಸಲು ಅವನ ಸೇವಕ ಸಾಂಚೊ ತನಗೆ ತಾನೇ 3,300 ಚಾಟಿಯೇಟು ಹೊಡೆದುಕೊಳ್ಳಬೇಕಾಗಿರುತ್ತದೆ. ಅವನೋ ಅಂಗೈಯಲ್ಲಿ ಐದು ಸಲ ತಟ್ಟಿಕೊಂಡು ಬಂದಿರುತ್ತಾನೆ. ಹಾಗೆ ಹಗುರವಾಗಿ ತಟ್ಟಿಕೊಂಡರೆ ಆಗದು ಎನ್ನುವುದಕ್ಕೆ ಆಕೆ ಶಾಲೆಯ ಗಾದೆಯನ್ನು ತರುತ್ತಾಳೆ. ಚಿತ್ರಕಾರ ಗೋಯಾ 18ನೇ ಶತಮಾನದ ಕೊನೆಯ ಭಾಗದಲ್ಲಿ ಇದೇ ಹೆಸರಿನಿಂದ ಪ್ರಸಿದ್ಧವಾದ ಶಾಲೆಯ ದೃಶ್ಯವೊಂದನ್ನು ಬರೆದ. ಮೇಷ್ಟ್ರು ಕೂತಿದ್ದಾರೆ, ಹುಡುಗನೊಬ್ಬ ಬಾಗಿ ಹೊಡೆತ ತಿನ್ನುತ್ತಿದ್ದಾನೆ. ಸಾರಾಗೋಸಾ ನಗರದ ವಸ್ತುಸಂಗ್ರಹಾಲಯದಲ್ಲಿರುವ ಆ ಚಿತ್ರ ಗಾದೆಯ ವಿವರಣೆಯಲ್ಲ, ಗಾದೆಯ ಮೇಲಿನ ದೂರು.

ಇಂಗ್ಲಿಷ್ ನಿಘಂಟುಗಳು ಇದರ ಎದುರು ‘ಸ್ಪೇರ್ ದ ರಾಡ್ ಆ್ಯಂಡ್ ಸ್ಪಾಯಿಲ್ ದ ಚೈಲ್ಡ್’ ಎಂದು ಬರೆಯುತ್ತವೆ. ಅದರ ಬೇರು ಬೈಬಲ್ಲಿನ ಜ್ಞಾನೋಕ್ತಿಗಳಲ್ಲಿದೆ. ಅಲ್ಲಿ ಮಾತು ನಡತೆಯದು, ಮಗು ಕೆಡಬಾರದು ಎಂಬುದು. ಸ್ಪ್ಯಾನಿಷ್ ಗಾದೆಯ ಗಮನವೆಲ್ಲ ಅಕ್ಷರದ ಮೇಲೆ. ನಮ್ಮ ‘ದಂಡಂ ದಶಗುಣಂ’ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಈಗ ಸ್ಪ್ಯಾನಿಷ್ ಮಾತನಾಡುವವರಲ್ಲಿ ಹಲವರು ಈ ಗಾದೆಯನ್ನು ‘ಕಷ್ಟಪಡದೆ ವಿದ್ಯೆ ಬಾರದು’ ಎಂಬ ಮೆತ್ತಗಿನ ಅರ್ಥದಲ್ಲಿ ಬಳಸುತ್ತಾರೆ. ಆದರೂ ರಕ್ತ ಎಂಬ ಪದ ಅಲ್ಲೇ ಉಳಿದಿದೆ, ಉಳಿದಿರುವುದೂ ಒಳ್ಳೆಯದೇ. ಮಕ್ಕಳಿಗೆ ಏನು ಮಾಡಿದ್ದೆವೆಂಬುದನ್ನು ಭಾಷೆ ಮರೆಯಬಾರದು.

ಆದ್ಯಂತ ಓದುವುದಕ್ಕೆ ಎಷ್ಟು ದಾರಿ

ಪುಸ್ತಕವನ್ನು ಪೂರ್ತಿ ಓದಿದೆ ಎನ್ನಲು ಇಂಗ್ಲಿಷ್‌ಗೆ ಸಾಮಾನ್ಯವಾಗಿ ‘ಕವರ್ ಟು ಕವರ್’ ಸಾಕು. ರಟ್ಟಿನಿಂದ ರಟ್ಟಿಗೆ, ಅಷ್ಟೇ. ಸ್ಪ್ಯಾನಿಷ್ ಇಲ್ಲಿ ಉದಾರಿ. ‘ದೆ ಕಾಬೊ ಆ ರಾಬೊ’ ಎಂದರೆ ತುದಿಯಿಂದ ಬಾಲದವರೆಗೆ. ‘ದೆ ಪೆ ಆ ಪಾ’ ಎಂಬುದು ಪ್ರಾಸಕ್ಕೇ ಪ್ರಿಯವಾದ ಮಾತು. ‘ದೆ ತಾಪಾ ಆ ತಾಪಾ’ ಎಂಬುದು ಇಂಗ್ಲಿಷ್‌ನಂತೆಯೇ ರಟ್ಟಿನಿಂದ ರಟ್ಟಿಗೆ.

ಇವೆಲ್ಲಕ್ಕಿಂತ ಸೊಗಸಾದದ್ದು ‘ದೆ ಲಾ ಕ್ರೂಸ್ ಆ ಲಾ ಫೆಚಾ’, ಶಿಲುಬೆಯಿಂದ ತಾರೀಖಿನವರೆಗೆ. ಹಿಂದೆ ಸ್ಪೇನಿನಲ್ಲಿ ಕಾಗದ ಬರೆಯುವವರು ಹಾಳೆಯ ನೆತ್ತಿಯಲ್ಲಿ ಪುಟ್ಟ ಶಿಲುಬೆ ಗೀಚಿ ಆರಂಭಿಸುತ್ತಿದ್ದರು, ಕೊನೆಯಲ್ಲಿ ತಾರೀಖು ಹಾಕಿ ಮುಗಿಸುತ್ತಿದ್ದರು. ಆದ್ದರಿಂದ ಶಿಲುಬೆಯಿಂದ ತಾರೀಖಿನವರೆಗೆ ಓದಿದವನು ಒಂದಕ್ಷರವನ್ನೂ ಬಿಟ್ಟಿಲ್ಲ. ನಮ್ಮ ಹಿರಿಯರೂ ಕಾಗದದ ತಲೆಯ ಮೇಲೆ ‘ಶ್ರೀ’ ಬರೆಯದೆ ಸಾಲು ಹಿಡಿಯುತ್ತಿರಲಿಲ್ಲ. ‘ಶ್ರೀಕಾರ ಹಾಕು’ ಎಂಬ ಮಾತು ಆ ಅಭ್ಯಾಸದ್ದೇ. ಆದರೆ ನಮ್ಮಲ್ಲಿ ಅದು ಆರಂಭವನ್ನಷ್ಟೇ ಹೇಳುತ್ತದೆ.

ಅದೇ ಶಿಲುಬೆ ಕಾರ್ತಿಯಾದಲ್ಲೂ ಅಕ್ಷರಮಾಲೆಯ ಮುಂದೆ ಇರುತ್ತಿತ್ತು. ಅದನ್ನು ‘ಕ್ರಿಸ್ತುಸ್’ ಎನ್ನುತ್ತಿದ್ದರು. ‘ಕ್ರಿಸ್ತುಸ್ ಕೂಡ ಗೊತ್ತಿಲ್ಲ’ ಎಂದರೆ ಏನೇನೂ ತಿಳಿಯದವನು, ನಮ್ಮ ‘ಓನಾಮವೂ ಬಾರದವನು’. ಅಲ್ಲಿ ಶಿಲುಬೆ, ಇಲ್ಲಿ ‘ಓಂ ನಮಃ’, ಎರಡೂ ಕಡೆ ದೇವರಿಗೆ ಕೈಮುಗಿದ ಮೇಲೆಯೇ ಅಕ್ಷರ. ಇಂಗ್ಲೆಂಡಿನ ಮಕ್ಕಳ ಅಕ್ಷರಹಲಗೆಯ ಮೇಲೂ ಇದೇ ಶಿಲುಬೆ ಇತ್ತು, ಆ ಅಕ್ಷರಸಾಲಿಗೆ ಕ್ರಿಸ್ತನ ಶಿಲುಬೆಯ ಸಾಲು ಎಂಬ ಹೆಸರಿತ್ತು. ಇಂದು ಅಡ್ಡಡ್ಡ ಗೆರೆಗಳಿಗೆ ಹೇಳುವ ‘ಕ್ರಿಸ್‌ಕ್ರಾಸ್’ ಆ ಹೆಸರು ಸವೆದು ಉಳಿದ ರೂಪ. ಅದನ್ನು ಬಳಸುವವರಿಗೆ ಈಗ ಶಾಲೆಯೂ ನೆನಪಿಲ್ಲ, ಶಿಲುಬೆಯೂ ನೆನಪಿಲ್ಲ.

ಕಿವಿಯಿಂದ ಓದಿದವರು

‘ಲೆಯೆರ್ ದೆ ಕೊರ್ರೀದೊ’ ಎಂದರೆ ತಡವರಿಸದೆ ಓಡುವಂತೆ ಓದುವುದು. ಮಗು ಓದಲು ಕಲಿತಿದೆಯೇ ಎಂಬುದಕ್ಕೆ ಅದೇ ಪರೀಕ್ಷೆ. ಇಂಗ್ಲಿಷ್‌ನಲ್ಲಿ ನಿರರ್ಗಳವಾಗಿ ಓದುವುದಕ್ಕೆ ಹೀಗೆ ಓಟದ ಚಿತ್ರವಿರುವ ಮನೆಮಾತಿನ ನುಡಿಗಟ್ಟು ಇಲ್ಲ, ‘ಫ್ಲುಯೆಂಟ್ಲಿ’ ಎಂದು ಹೇಳಿ ಮುಗಿಸಬೇಕು. ಸ್ಪ್ಯಾನಿಷ್‌ನಲ್ಲಿ ಈ ಮಾತು ಗಟ್ಟಿಯಾಗಿ ನಿಂತದ್ದಕ್ಕೆ ಕಾರಣವನ್ನು ನಾನು ಗಟ್ಟಿಯಾಗಿ ಓದುವ ಪರಂಪರೆಯಲ್ಲೇ ಹುಡುಕುತ್ತೇನೆ. ಓದುವವನು ಒಬ್ಬ, ಕೇಳುವವರು ಹಲವರು ಎಂದಾಗ ತಡವರಿಸುವಿಕೆ ಎಲ್ಲರ ತೊಂದರೆ.

‘ದೋನ್ ಕಿಹೋತೆ’ಯ 1605ರ ಮೊದಲ ಭಾಗದಲ್ಲಿ ಛತ್ರದ ಯಜಮಾನನೊಬ್ಬ ತನ್ನ ಅನುಭವ ಹೇಳುತ್ತಾನೆ. ಸುಗ್ಗಿಯ ಕಾಲದಲ್ಲಿ ಹಬ್ಬದ ದಿನ ಕೊಯ್ಲಿನವರೆಲ್ಲ ಛತ್ರದಲ್ಲಿ ಸೇರುತ್ತಾರೆ. ಅವರಲ್ಲಿ ಓದು ಬಲ್ಲವನೊಬ್ಬ ಪುಸ್ತಕ ಹಿಡಿಯುತ್ತಾನೆ, ಮೂವತ್ತಕ್ಕೂ ಹೆಚ್ಚು ಜನ ಅವನನ್ನು ಸುತ್ತುವರಿದು ಕೇಳುತ್ತಾರೆ. ಎರಡನೆಯ ಭಾಗದ 66ನೇ ಅಧ್ಯಾಯದ ತಲೆಬರಹವಂತೂ ಓದುವವರನ್ನೂ ಓದಿಸಿ ಕೇಳುವವರನ್ನೂ ಬೇರೆ ಬೇರೆಯಾಗಿ ಕರೆದು ಮಾತನಾಡಿಸುತ್ತದೆ. ನಮ್ಮ ಊರುಗಳಲ್ಲಿ ರಾತ್ರಿ ಹೊತ್ತು ಕುಮಾರವ್ಯಾಸನನ್ನೂ ಜೈಮಿನಿಯನ್ನೂ ಓದಿಸಿ ಕೇಳುತ್ತಿದ್ದವರಿಗೆ ಈ ದೃಶ್ಯ ಹೊಸದೇನಲ್ಲ.

ಈ ಪರಂಪರೆ ಕ್ಯೂಬಾದಲ್ಲಿ ಕಾರ್ಖಾನೆಯೊಳಕ್ಕೆ ಬಂತು. 1865ರಲ್ಲಿ ಹವಾನಾದ ‘ಎಲ್ ಫೀಗರೊ’ ಸುರುಟಿನ ಕಾರ್ಖಾನೆಯಲ್ಲಿ ಕೆಲಸಗಾರರು ಎಲೆ ಸುತ್ತುತ್ತಿರುವಾಗ ಒಬ್ಬ ಗಟ್ಟಿಯಾಗಿ ಓದುವ ಏರ್ಪಾಡು ಶುರುವಾಯಿತು. ಸಾತುರ್ನೀನೊ ಮಾರ್ತೀನೆಸ್ ನಡೆಸುತ್ತಿದ್ದ ‘ಲಾ ಔರೋರಾ’ ಎಂಬ ಕಾರ್ಮಿಕರ ಪತ್ರಿಕೆ ಅದಕ್ಕೆ ಬೆಂಬಲ ಕೊಟ್ಟಿತು. ಓದುವವನಿಗೆ ‘ಲೆಕ್ತೋರ್’ ಎಂದು ಹೆಸರು. ಎತ್ತರದ ಕಟ್ಟೆಯ ಮೇಲೆ ಕೂತು ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ ಓದುತ್ತಿದ್ದ. ಅವನ ಸಂಬಳ ಮಾಲೀಕ ಕೊಡುತ್ತಿರಲಿಲ್ಲ, ಕೆಲಸಗಾರರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಯಾವ ಪುಸ್ತಕ ಎಂದು ಆರಿಸುವವರೂ ಅವರೇ. ಓದು ಮೆಚ್ಚುಗೆಯಾದರೆ ಎಲೆ ಕತ್ತರಿಸುವ ‘ಚಾವೇತಾ’ ಎಂಬ ಕತ್ತಿಯನ್ನು ಮೇಜಿನ ಮೇಲೆ ಕುಟ್ಟಿ ಶಬ್ದ ಮಾಡುತ್ತಿದ್ದರು, ಅದೇ ಚಪ್ಪಾಳೆ. ಕೆಲಸಗಾರರ ತಲೆಗೆ ಏನು ಹೋಗುತ್ತಿದೆ ಎಂದು ಬೆದರಿದ ವಸಾಹತು ಸರ್ಕಾರ 1866ರಲ್ಲೇ ಇದನ್ನು ನಿಷೇಧಿಸಿತು. ಆದರೂ ಅದು ಮತ್ತೆ ಮತ್ತೆ ತಲೆಯೆತ್ತಿತು. ವಲಸೆ ಹೋದ ಕೆಲಸಗಾರರು ಅದನ್ನು ಅಮೆರಿಕದ ಫ್ಲೋರಿಡಾಕ್ಕೂ ಒಯ್ದರು. ಅಲ್ಲಿನ ಟ್ಯಾಂಪಾದಲ್ಲಿ 1931ರಲ್ಲಿ ಕಾರ್ಖಾನೆಗಳು ಓದುವವರನ್ನು ಕಿತ್ತುಹಾಕಿದವು, ಮುಂದೆ ಆ ಜಾಗಕ್ಕೆ ರೇಡಿಯೊ ಬಂತು. ನೀಲೊ ಕ್ರೂಸ್ ಈ ಕಥೆಯನ್ನೇ ಹಿಡಿದು ಬರೆದ ‘ಆ್ಯನಾ ಇನ್ ದ ಟ್ರಾಪಿಕ್ಸ್’ ನಾಟಕಕ್ಕೆ 2003ರ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಕ್ಯೂಬಾ 2012ರಲ್ಲಿ ಈ ಓದನ್ನು ರಾಷ್ಟ್ರೀಯ ಪರಂಪರೆ ಎಂದು ಘೋಷಿಸಿತು.

‘ಲೆಕ್ತೋರ್’ ಎಂಬುದಕ್ಕೆ ಇಂಗ್ಲಿಷ್ ನಿಘಂಟು ‘ರೀಡರ್’ ಎನ್ನುತ್ತದೆ. ತಪ್ಪಲ್ಲ. ಆದರೆ ತನ್ನ ಪಾಡಿಗೆ ಮೂಲೆಯಲ್ಲಿ ಕೂತು ಓದುವವನಿಗೂ ನೂರಾರು ಜನರ ಕಿವಿಗಾಗಿ ಓದುವವನಿಗೂ ಒಂದೇ ಹೆಸರು ಸಾಕಾಗುವುದಿಲ್ಲ.

ಸಾಲುಗಳ ನಡುವೆ

‘ಲೆಯೆರ್ ಎಂತ್ರೆ ಲೀನೆಯಾಸ್’ ಮತ್ತು ‘ರೀಡ್ ಬಿಟ್ವೀನ್ ದ ಲೈನ್ಸ್’ ಅಕ್ಷರಶಃ ಒಂದೇ. ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದನ್ನು ಗ್ರಹಿಸುವುದು. ಆದರೆ ಈ ಕೌಶಲವನ್ನು ಇಡೀ ಒಂದು ತಲೆಮಾರು ಕಲಿಯಬೇಕಾಗಿ ಬಂದದ್ದು ಸ್ಪೇನಿನಲ್ಲಿ. ಸರ್ವಾಧಿಕಾರಿ ಫ್ರಾಂಕೊ ಆಡಳಿತದ 1938ರ ಪತ್ರಿಕಾ ಕಾನೂನು ಅಚ್ಚಿಗೆ ಮೊದಲೇ ಎಲ್ಲವನ್ನೂ ಸೆನ್ಸಾರ್ ಕಚೇರಿಗೆ ಒಪ್ಪಿಸಬೇಕು ಎಂದಿತು. 1966ರ ಕಾನೂನು ಆ ಪೂರ್ವಪರಿಶೀಲನೆಯನ್ನು ಕಾಗದದ ಮೇಲೆ ತೆಗೆದುಹಾಕಿದರೂ ಪ್ರಕಟಿಸಿದ ಮೇಲಿನ ದಂಡನೆಯನ್ನು ಉಳಿಸಿಕೊಂಡಿತು. 1941ರಲ್ಲಿ ಮಿಗೆಲ್ ಮಿಹೂರಾ ಆರಂಭಿಸಿದ ‘ಲಾ ಕೊದೊರ್ನೀಸ್’ ಎಂಬ ಹಾಸ್ಯಪತ್ರಿಕೆ ತನ್ನನ್ನು ಅತ್ಯಂತ ಬುದ್ಧಿವಂತ ಓದುಗರ ಅತ್ಯಂತ ದಿಟ್ಟ ಪತ್ರಿಕೆ ಎಂದು ಸಾರಿಕೊಳ್ಳುತ್ತಿತ್ತು. ದಿಟ್ಟತನದ ಅರ್ಧ ಹೊಣೆಯನ್ನು ಓದುಗರಿಗೇ ವಹಿಸಿದ್ದು ಆ ಮಾತಿನ ಜಾಣತನ. 1978ರವರೆಗೆ ಬದುಕಿದ ಆ ಪತ್ರಿಕೆ ಸರ್ಕಾರದಿಂದ ದಂಡವನ್ನೂ ತಾತ್ಕಾಲಿಕ ಬೀಗವನ್ನೂ ಕಂಡಿತು.

ಕಣ್ಣೆವೆ, ಮೊಣಕೈ, ಇಲಿ

ಕಷ್ಟಪಟ್ಟು ಓದುವವರ ದೇಹವನ್ನು ಸ್ಪ್ಯಾನಿಷ್ ಬಹಳ ಹತ್ತಿರದಿಂದ ನೋಡಿದೆ. ‘ಕೆಮಾರ್ಸೆ ಲಾಸ್ ಪೆಸ್ತಾನ್ಯಾಸ್’ ಎಂದರೆ ಕಣ್ಣೆವೆ ಸುಟ್ಟುಕೊಳ್ಳುವುದು. ಹುಬ್ಬು ಸುಟ್ಟುಕೊಳ್ಳುವುದು ಎಂದೂ ಹೇಳುತ್ತಾರೆ. ಮೇಣದ ಬತ್ತಿಗೆ ಅಷ್ಟು ಬಾಗಿ, ಅಷ್ಟು ಹೊತ್ತು ಓದಿದವನ ಚಿತ್ರ ಅದು. ಇಂಗ್ಲಿಷ್‌ನಲ್ಲಿ ಇದರ ಎದುರು ‘ಬರ್ನ್ ದ ಮಿಡ್‌ನೈಟ್ ಆಯಿಲ್’. ನಡುರಾತ್ರಿಯ ಎಣ್ಣೆಯ ಪ್ರಸ್ತಾಪ ಫ್ರಾನ್ಸಿಸ್ ಕ್ವಾರ್ಲ್ಸ್ ಕವಿಯ 1635ರ ಕೃತಿಯಲ್ಲೇ ಇದೆ. ಇಂಗ್ಲಿಷರಲ್ಲಿ ಸುಡುವುದು ಎಣ್ಣೆ, ಸ್ಪ್ಯಾನಿಷರಲ್ಲಿ ಓದುವವನೇ ಸುಟ್ಟುಕೊಳ್ಳುತ್ತಾನೆ. ಎರಡರಲ್ಲಿ ಸ್ಪ್ಯಾನಿಷ್ ಮಾತೇ ನನಗೆ ಹೆಚ್ಚು ನಿಜವೆನಿಸುತ್ತದೆ.

‘ಇಂಕಾರ್ ಲೋಸ್ ಕೋದೋಸ್’, ಮೊಣಕೈಗಳನ್ನು ಊರುವುದು, ಪರೀಕ್ಷೆಯ ಕಾಲದ ಮಾತು. ಮೇಜಿನ ಮೇಲೆ ಮೊಣಕೈ ಊರಿ, ತಲೆಯನ್ನು ಅಂಗೈಗಳ ನಡುವೆ ಇಟ್ಟು ಕೂತ ವಿದ್ಯಾರ್ಥಿಯನ್ನು ಕಂಡವರಿಗೆ ವಿವರಣೆ ಬೇಡ. ಇಂಗ್ಲಿಷ್‌ನಲ್ಲಿ ‘ಹಿಟ್ ದ ಬುಕ್ಸ್’. ಹಗಲಿರುಳು ಓದುವ ಹುಡುಗನಿಗೆ ಸ್ಪೇನಿನ ಶಾಲೆಗಳಲ್ಲಿ ‘ಎಂಪೊಯೋನ್’ ಎನ್ನುತ್ತಾರೆ, ಕಾವಿಗೆ ಕೂತ ಕೋಳಿಯಂತೆ ಪುಸ್ತಕದ ಮೇಲೆ ಕೂತವನು. ಅರ್ಜೆಂಟೀನಾದಲ್ಲಿ ಅವನೇ ‘ತ್ರಾಗಾ’, ನುಂಗುವವನು. ಚಿಲಿಯಲ್ಲಿ ‘ಮಾತೆಯೊ’. ನಮ್ಮ ಕಾಲೇಜುಗಳ ‘ಕುಡುಮಿ’ಗೆ ಇವರೆಲ್ಲ ನೆಂಟರು. ಓದನ್ನೇ ಬಿಟ್ಟವನು ‘ಪುಸ್ತಕಗಳನ್ನು ನೇತುಹಾಕಿದ’.

ಪುಸ್ತಕಪ್ರೇಮಿಗೆ ಇಂಗ್ಲಿಷ್‌ನಲ್ಲಿ ‘ಬುಕ್‌ವರ್ಮ್’. 16ನೇ ಶತಮಾನದ ಕೊನೆಯಿಂದ ಮನುಷ್ಯರಿಗೆ ಸಂದಿರುವ ಈ ಹೆಸರನ್ನೇ ಕನ್ನಡ ‘ಪುಸ್ತಕದ ಹುಳು’ ಎಂದು ಪಡೆದುಕೊಂಡಿತು. ಸ್ಪ್ಯಾನಿಷ್‌ನಲ್ಲಿ ಅವನು ‘ರಾತೋನ್ ದೆ ಬಿಬ್ಲಿಯೊತೇಕಾ’, ಗ್ರಂಥಾಲಯದ ಇಲಿ. ಹುಳು ಒಂದೇ ಪುಸ್ತಕದೊಳಗೆ ಕೊರೆದುಕೊಂಡು ಹೋಗುತ್ತದೆ, ಇಲಿ ಕಪಾಟಿನಿಂದ ಕಪಾಟಿಗೆ ಓಡಾಡುತ್ತದೆ. ಅದರಿಂದಲೇ ಇರಬೇಕು, ಹಳೆಯ ಕಡತ ಹುಡುಕುವ ಸಂಶೋಧಕರಿಗೆ ಸ್ಪ್ಯಾನಿಷ್ ಹೆಸರು ಚೆನ್ನಾಗಿ ಒಪ್ಪುತ್ತದೆ.

ಓದಿಸಿಕೊಳ್ಳದ ದಪ್ಪ ಪುಸ್ತಕ ‘ಲಾದ್ರಿಯೊ’, ಇಟ್ಟಿಗೆ. ಇಂಗ್ಲಿಷ್‌ನಲ್ಲಿ ಅದು ಬಾಗಿಲಿಗೆ ಒತ್ತುಕೊಡುವ ‘ಡೋರ್‌ಸ್ಟಾಪ್’. ದಿಂಬಿನ ಬಳಿ ಸದಾ ಇರುವ ಮೆಚ್ಚಿನ ಪುಸ್ತಕ ‘ಲೀಬ್ರೊ ದೆ ಕಾಬೆಸೇರಾ’, ಮಂಚದ ತಲೆಕಡೆಯ ಪುಸ್ತಕ. ಇಂಗ್ಲಿಷ್‌ನ ‘ಬೆಡ್‌ಸೈಡ್ ಬುಕ್’ ನಿದ್ದೆಗೆ ಮುಂಚಿನ ಹಗುರ ಓದನ್ನೂ ಸೂಚಿಸಬಹುದು. ಸ್ಪ್ಯಾನಿಷ್ ಮಾತಿನಲ್ಲಿ ಮಾತ್ರ ಜೀವನಕ್ಕೆ ದಾರಿ ತೋರಿದ ಪುಸ್ತಕ ಎಂಬ ಭಾವ ಗಾಢ.

ಮೇಲೆ ಮೇಲೆ ಓದುವುದು

ಗಡಿಬಿಡಿಯ ಓದಿಗೆ ‘ಲೆಯೆರ್ ಪೋರ್ ಎನ್ಸೀಮಾ’, ಮೇಲಿಂದ ಓದುವುದು. ‘ಲೆಯೆರ್ ಎನ್ ದಿಯಾಗೊನಾಲ್’, ಪುಟದ ಮೂಲೆಯಿಂದ ಮೂಲೆಗೆ ಓರೆಯಾಗಿ ಓದುವುದು. ಇಂಗ್ಲಿಷ್‌ನಲ್ಲಿ ‘ಸ್ಕಿಮ್’, ಹಾಲಿನ ಕೆನೆ ತೆಗೆಯುವ ಕ್ರಿಯೆ. ಸ್ಪ್ಯಾನಿಷ್‌ನಲ್ಲಿ ಇನ್ನೊಂದು ಜೋಡಿಯಿದೆ, ಕೇಳಲು ಎರಡೂ ‘ಒಹೆಯಾರ್’. ‘ಎಚ್’ ಅಕ್ಷರದಿಂದ ಬರೆದರೆ ಹಾಳೆ ಮಗುಚುವುದು, ಅದಿಲ್ಲದೆ ಬರೆದರೆ ಕಣ್ಣಾಡಿಸುವುದು. ಒಂದರಲ್ಲಿ ಹಾಳೆ ಇದೆ, ಇನ್ನೊಂದರಲ್ಲಿ ಕಣ್ಣು. ಅಲ್ಲಿನ ಮಕ್ಕಳು ಕಾಗುಣಿತದಲ್ಲಿ ಎಡವುವ ಪದಗಳಲ್ಲಿ ಇದೂ ಒಂದು. ಗಣಕಪರದೆಯ ಮೇಲೆ ಪತ್ರಿಕೆ ನೋಡುವವರಿಗೆ ಹಾಳೆಯ ಒಹೆಯಾರ್ ಸಾಧ್ಯವೇ ಇಲ್ಲ, ಕ್ರಿಯಾಪದ ಮಾತ್ರ ಬಳಕೆಯಲ್ಲಿದೆ.

ಪುಟ ತಿರುವುವುದು ಯಾವಾಗ

‘ಪಾಸಾರ್ ಪಾಹಿನಾ’ ಎಂದರೆ ಪುಟ ತಿರುವುವುದು, ಆದದ್ದನ್ನು ಬಿಟ್ಟು ಮುಂದೆ ಹೋಗುವುದು. ಇಂಗ್ಲಿಷ್‌ನ ‘ಟರ್ನ್ ದ ಪೇಜ್’ ಇದಕ್ಕೆ ಸರಿಯಾದ ಜೋಡಿ. ‘ಟರ್ನ್ ಓವರ್ ಎ ನ್ಯೂ ಲೀಫ್’ ಎಂದು ಅನುವಾದಿಸಿದರೆ ಕೆಟ್ಟ ಚಾಳಿ ಬಿಟ್ಟು ಸುಧಾರಿಸುವ ಅರ್ಥ ಬಂದುಬಿಡುತ್ತದೆ. ಹಳೆಯ ಲೆಕ್ಕ ಅಳಿಸಿ ಹೊಸದಾಗಿ ಶುರುಮಾಡುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಬೊರ್ರೋನ್ ಇ ಕ್ವೆಂತಾ ನ್ವೇವಾ’ ಎಂಬ ಬೇರೆ ಮಾತಿದೆ, ಮಸಿಯ ಕಲೆ, ಆಮೇಲೆ ಹೊಸ ಲೆಕ್ಕ.

ಈ ಪುಟ ತಿರುವುವ ಮಾತು ಸ್ಪೇನಿನಲ್ಲಿ ಬಹಳ ಭಾರ ಹೊತ್ತಿದೆ. ಫ್ರಾಂಕೊ 1975ರಲ್ಲಿ ತೀರಿಕೊಂಡ. 1977ರ ಕ್ಷಮಾದಾನದ ಕಾನೂನು ರಾಜಕೀಯ ಕೈದಿಗಳನ್ನು ಬಿಡಿಸಿತು, ಆದರೆ ಆಡಳಿತದ ಪರವಾಗಿ ಅಪರಾಧ ಎಸಗಿದವರಿಗೂ ರಕ್ಷಣೆ ಕೊಟ್ಟಿತು. ಅಂತರ್ಯುದ್ಧದಲ್ಲಿ ಕೊಂದು ರಸ್ತೆಬದಿಯ ಗುಂಡಿಗಳಲ್ಲಿ ಹೂತವರ ಮೊಮ್ಮಕ್ಕಳು ಅಸ್ಥಿ ಹುಡುಕಲು ಹೊರಟಾಗ, 2007ರಲ್ಲಿ ಮತ್ತು 2022ರಲ್ಲಿ ಸ್ಮರಣೆಯ ಕಾನೂನುಗಳು ಬಂದಾಗ, ಒಂದು ಪಕ್ಷ ‘ಪುಟ ತಿರುವೋಣ’ ಎಂದಿತು. ಅದಕ್ಕೆ ಇನ್ನೊಂದು ಕಡೆಯಿಂದ ಮತ್ತೆ ಮತ್ತೆ ಬಂದ ಉತ್ತರ: ತಿರುವುವ ಮೊದಲು ಆ ಪುಟವನ್ನು ಓದಬೇಕು. ಲ್ಯಾಟಿನ್ ಅಮೆರಿಕದಲ್ಲಿ ಸೈನಿಕ ಆಡಳಿತಗಳು ಕಾಣೆಯಾಗಿಸಿದವರ ಕುಟುಂಬಗಳ ನಡುವೆಯೂ ಇದೇ ವಾದ ನಡೆದಿದೆ. ಓದಿನ ನುಡಿಗಟ್ಟೊಂದು ಹೀಗೆ ಸತ್ತವರ ಪರವಾಗಿ ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಣ್ಣಕ್ಷರ, ಅಕ್ಷರದ ಪಾದ

‘ಲೇತ್ರಾ ಪೆಕೇನ್ಯಾ’, ಲ್ಯಾಟಿನ್ ಅಮೆರಿಕದಲ್ಲಿ ‘ಲೇತ್ರಾ ಚೀಕಾ’, ಎರಡೂ ಇಂಗ್ಲಿಷ್‌ನ ‘ಫೈನ್ ಪ್ರಿಂಟ್’. ಸಹಿ ಹಾಕಿಸಿಕೊಳ್ಳುವವರು ನಾವು ಓದದಿರಲಿ ಎಂದು ಬಯಸುವ ಷರತ್ತುಗಳು. ಸ್ಪೇನಿನ ಗ್ರಾಹಕ ಕಾನೂನು ಈ ನುಡಿಗಟ್ಟನ್ನು ಅಕ್ಷರಶಃ ಅಳೆದುಬಿಟ್ಟಿತು. 2014ರ ತಿದ್ದುಪಡಿಯ ಪ್ರಕಾರ ಕರಾರಿನ ಅಕ್ಷರ 1.5 ಮಿಲಿಮೀಟರ್‌ಗಿಂತ ಚಿಕ್ಕದಿರಕೂಡದು, 2022ರಲ್ಲಿ ಅದನ್ನು 2.5 ಮಿಲಿಮೀಟರ್‌ಗೆ ಏರಿಸಿದರು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವುದಕ್ಕೆ ‘ಆಲ್ ಪಿಯೆ ದೆ ಲಾ ಲೇತ್ರಾ’, ಅಕ್ಷರದ ಪಾದದಲ್ಲಿ; ಇಂಗ್ಲಿಷ್‌ನಲ್ಲಿ ‘ಟು ದ ಲೆಟರ್’.

ಗಾದೆಗಳ ಕಡೆಗೆ

ಸಲಾಮಾಂಕಾದ ಪ್ರಾಧ್ಯಾಪಕ ಗೊನ್ಸಾಲೊ ಕೊರ್ರೇಯಾಸ್ 1627ರಲ್ಲಿ ಗಾದೆಗಳ ದೊಡ್ಡ ಕೋಶ ಸಿದ್ಧಪಡಿಸಿದ, ಅದು ಅಚ್ಚಾದದ್ದು 1906ರಲ್ಲಿ. ಸ್ಪೇನಿನ ರಾಜ ಅಕಾಡೆಮಿ 1713ರಲ್ಲಿ ಹುಟ್ಟಿ, 1726ರಿಂದ 1739ರವರೆಗೆ ತನ್ನ ಮೊದಲ ನಿಘಂಟನ್ನು ಆರು ಸಂಪುಟಗಳಲ್ಲಿ ತಂದಿತು. ನುಡಿಗಟ್ಟುಗಳ ವಯಸ್ಸು ತಿಳಿಯಲು ಇವು ದೊಡ್ಡ ಆಸರೆ. ‘ಲೀಬ್ರೊ ಸೆರ್ರಾದೊ ನೊ ಸಾಕಾ ಲೆತ್ರಾದೊ’ ಎಂಬ ಗಾದೆ ಮುಚ್ಚಿದ ಪುಸ್ತಕ ಪಂಡಿತನನ್ನು ಮಾಡದು ಎನ್ನುತ್ತದೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಬಳಕೆಯ ಜೋಡಿ ಇಲ್ಲ. ನಮ್ಮ ‘ಪುಸ್ತಕದ ಬದನೆಕಾಯಿ’ ಇದರ ಎದುರು ದಿಕ್ಕಿನಿಂದ ಬರುತ್ತದೆ, ತೆರೆದ ಪುಸ್ತಕವೂ ಸಾಲದು ಎಂದು. ಎಷ್ಟೇ ಕೆಟ್ಟ ಪುಸ್ತಕದಲ್ಲೂ ಒಂದಿಷ್ಟು ಒಳ್ಳೆಯದಿರುತ್ತದೆ ಎಂಬ ಇನ್ನೊಂದು ಮಾತು ರೋಮಿನ ಪ್ಲಿನಿಯದು. 1554ರ ‘ಲಾಸಾರಿಯೊ ದೆ ತೋರ್ಮೆಸ್’ ಕಾದಂಬರಿಯ ಮುನ್ನುಡಿಯೂ ‘ದೋನ್ ಕಿಹೋತೆ’ಯೂ ಅದನ್ನು ಸ್ಪ್ಯಾನಿಷ್‌ನ ಸೊತ್ತಾಗಿಸಿದವು. ‘ದೇಶ ಸುತ್ತು, ಕೋಶ ಓದು’ ಎಂಬುದಕ್ಕೆ ತೀರ ಹತ್ತಿರದ ಮಾತನ್ನೂ ದೋನ್ ಕಿಹೋತೆ ಎರಡನೆಯ ಭಾಗದಲ್ಲಿ ಹೇಳುತ್ತಾನೆ. ಅವನಿಗೆ ಅದನ್ನು ಹೇಳಬೇಕೆನಿಸಿದ್ದು ಪ್ರಶ್ನೆಗೆ ಉತ್ತರ ಹೇಳುವ ಒಂದು ಕೋತಿಯನ್ನು ಕಂಡಾಗ.

ಮುಖ ಒಂದೇ, ಮನೆ ಬೇರೆ

ಒಂದೇ ಲ್ಯಾಟಿನ್ ಮೂಲದಿಂದ ಬಂದು ಎರಡು ಭಾಷೆಗಳಲ್ಲಿ ಬೇರೆ ಬೇರೆ ಅರ್ಥ ತಳೆದ ಪದಗಳು ಹೊಸದಾಗಿ ಸ್ಪ್ಯಾನಿಷ್ ಕಲಿಯುವ ಭಾರತೀಯರನ್ನು ಹೆಚ್ಚು ಕಾಡುತ್ತವೆ, ಏಕೆಂದರೆ ನಾವು ಇಂಗ್ಲಿಷ್ ಮೂಲಕವೇ ಅಲ್ಲಿಗೆ ಹೋಗುವವರು. ‘ಲಿಬ್ರೆರಿಯಾ’ ಎಂದರೆ ಗ್ರಂಥಾಲಯವಲ್ಲ, ಪುಸ್ತಕದಂಗಡಿ, ಗ್ರಂಥಾಲಯಕ್ಕೆ ‘ಬಿಬ್ಲಿಯೊತೇಕಾ’. ‘ಲೆಕ್ತೂರಾ’ ಎಂದರೆ ಓದು, ಉಪನ್ಯಾಸಕ್ಕೆ ‘ಕೊನ್ಫೆರೆನ್ಸಿಯಾ’. ಕಾದಂಬರಿಯ ‘ಅರ್ಗುಮೆಂತೊ’ ಅದರ ವಾದವಲ್ಲ, ಕಥಾಹಂದರ. ‘ಹಬ್ಲಾರ್ ಕೋಮೊ ಉನ್ ಲೀಬ್ರೊ ಅಬಿಯೆರ್ತೊ’, ತೆರೆದ ಪುಸ್ತಕದಂತೆ ಮಾತನಾಡುವುದು, ಸ್ಪ್ಯಾನಿಷ್‌ನಲ್ಲಿ ಹೊಗಳಿಕೆ. ಸ್ಪಷ್ಟವಾಗಿ, ತಿಳಿವಳಿಕೆಯಿಂದ ಮಾತನಾಡುವವರಿಗೆ ಸಲ್ಲುವಂಥದ್ದು. ಇಂಗ್ಲಿಷ್‌ನಲ್ಲಿ ಪುಸ್ತಕದಂತೆ ಮಾತನಾಡುತ್ತಾನೆ ಎಂದರೆ ಮಾತು ಬಿಗಿಯಾಗಿ, ಕೃತಕವಾಗಿದೆ ಎಂಬ ಆಕ್ಷೇಪ ಬೆರೆತಿರುತ್ತದೆ. ಒಂದು ಪದ ಮಾತ್ರ ಎರಡೂ ಭಾಷೆಗಳಲ್ಲಿ ಜೊತೆಗೇ ನಡೆದಿದೆ. ಸ್ಪ್ಯಾನಿಷ್‌ನ ‘ಲೆಯೆಂದಾ’, ಇಂಗ್ಲಿಷ್‌ನ ‘ಲೆಜೆಂಡ್’ ಎರಡಕ್ಕೂ ಲ್ಯಾಟಿನ್‌ನಲ್ಲಿ ‘ಓದಬೇಕಾದದ್ದು’ ಎಂಬ ಅರ್ಥ. ಮಧ್ಯಯುಗದ ಕ್ರೈಸ್ತ ಮಠಗಳಲ್ಲಿ ಸಂತರ ಹಬ್ಬದ ದಿನ ಓದುತ್ತಿದ್ದ ಚರಿತ್ರೆಗಳಿಗೆ ಆ ಹೆಸರಿತ್ತು. ಆ ಚರಿತ್ರೆಗಳಲ್ಲಿ ಪವಾಡಗಳು ತುಂಬಿದ್ದರಿಂದ ಹೆಸರು ಐತಿಹ್ಯಗಳಿಗೆ ಅಂಟಿತು. ನಾಣ್ಯದ ಅಂಚಿನ ಬರಹಕ್ಕೂ, ನಕಾಶೆಯ ಮೂಲೆಯಲ್ಲಿ ಗುರುತುಗಳ ಅರ್ಥ ಕೊಡುವ ಚೌಕಕ್ಕೂ ಎರಡೂ ಭಾಷೆಗಳಲ್ಲಿ ಇಂದು ಅದೇ ಹೆಸರು.